ಎಂಟು ನಿಮಿಷ ಯೋಚಿಸುವ ತಕ್ಕಡಿ

ಆಲ್ದೂರಿನ ಬಳಿ ನಮ್ಮ ಸೋದರಮಾವನ ಕಾಫಿ ತೋಟವಿದೆ. ಕೊಯ್ಲಿನ ದಿನಗಳಲ್ಲಿ ಸಂಜೆಯಾದರೆ ಕಣದ ಪಕ್ಕ ಸಾಲು ನಿಲ್ಲುತ್ತದೆ. ಹಣ್ಣಿನ ಚೀಲ ತಕ್ಕಡಿಗೇರಬೇಕು, ತೂಕ ಕಂಪ್ಯೂಟರಿಗೆ ಹೋಗಬೇಕು, ಕಿಲೋ ಲೆಕ್ಕದಲ್ಲಿ ಕೂಲಿ ಏರಬೇಕು. ಯಾರೋ ಪುಣ್ಯಾತ್ಮರು ಸಿ ಭಾಷೆಯಲ್ಲಿ ಬರೆದುಕೊಟ್ಟ ಪ್ರೋಗ್ರಾಮು ಹಳೆಯ ವಿಂಡೋಸ್ ಕಂಪ್ಯೂಟರಿನಲ್ಲಿ ಇದನ್ನೆಲ್ಲ ನಿಭಾಯಿಸುತ್ತಿತ್ತು. ಹೋದ ಮಳೆಗಾಲದ ಸಿಡಿಲಿಗೆ ಕಂಪ್ಯೂಟರು ತೀರಿಕೊಂಡಿತು. ಇಂಜಿನಿಯರಿಂಗ್ ಓದುತ್ತಿರುವ ಮಾವನ ಮಗ ಅಂಗೈಯಗಲದ ಲಿನಕ್ಸ್ ಯಂತ್ರವೊಂದನ್ನು ತಂದಿಟ್ಟು, "ಮೇಲಿನ ಒಂದೆರಡು ಸಾಲು ಬದಲಾಯಿಸಿದರೆ ಆಯಿತು ಅಪ್ಪಾ" ಎಂದ. ಮಾವ ನಂಬಿದರು. ಹೆತ್ತವರ ಕರುಳು.

ಆ ಸಾಲುಗಳೆಂದರೆ ಹೆಡರ್ ಫೈಲುಗಳ, ಅಂದರೆ ಪ್ರೋಗ್ರಾಮಿಗೆ ಸಿದ್ಧ ಹೆಸರುಗಳನ್ನು ಒದಗಿಸುವ ಕಡತಗಳ, ಹೆಸರು. ವಿಂಡೋಸ್.ಎಚ್ ಹೋಯಿತು, ತಕ್ಕಡಿಯ ಸೀರಿಯಲ್ ಪೋರ್ಟಿನೊಡನೆ ಮಾತನಾಡಲು ಟರ್ಮಿಯೋಸ್.ಎಚ್ ಬಂತು. ಬರೆದದ್ದನ್ನು ಯಂತ್ರದ ಭಾಷೆಗೆ ತಿರುಗಿಸುವ ಕಂಪೈಲರ್ ಕೂಡಲೇ ಮುನಿಸಿಕೊಂಡಿತು: ಹೆಸರಿರಬೇಕಾದ ಕಡೆ ಸಂಖ್ಯೆ ಇದೆಯಂತೆ. ಹುಡುಗ ನನ್ನನ್ನು ಕರೆದು ತೋರಿಸಿದ. ಆ ಸಾಲಿನಲ್ಲಿ ಇದ್ದದ್ದು ಬಿ50 ಎಂಬ ಬಡಪಾಯಿ ವೇರಿಯಬಲ್, ಲೆಕ್ಕವೊಂದನ್ನು ಹೊರುವ ಹೆಸರು. ಒಣಗಿದ ಚೆರ್ರಿಯನ್ನು 50 ಕಿಲೋ ಚೀಲಕ್ಕೆ ತುಂಬುವ ಲೆಕ್ಕ ಅದರದು, ಬಿ ಎಂದರೆ ಬ್ಯಾಗು. ಟರ್ಮಿಯೋಸ್‌ನಲ್ಲೋ ಬಿ50 ಎಂದರೆ 50 ಬಾಡ್, ತಂತಿಯಲ್ಲಿ ಮಾಹಿತಿ ಹರಿಯುವ ಟೆಲಿಪ್ರಿಂಟರ್ ಕಾಲದ ವೇಗ. ನಮ್ಮ ತಕ್ಕಡಿ ಮಾತನಾಡುವುದು 9600ರಲ್ಲಿ. ಆದರೂ ಆ ಮುದಿ ಮ್ಯಾಕ್ರೋ (ಒಂದು ಹೆಸರು ಕಂಡಲ್ಲೆಲ್ಲ ಅದರ ಬದಲು ಇನ್ನೊಂದನ್ನು ಕೂರಿಸುವ ಆದೇಶ) ಹೆಡರಿನ ಜೊತೆ ಬಂದು, ಚೀಲದ ಹೆಸರನ್ನು ಅಳಿಸಿ ಅಲ್ಲೊಂದು ಸಂಖ್ಯೆಯನ್ನು ಕೂರಿಸಿತ್ತು. ವೇರಿಯಬಲ್ ಇದ್ದದ್ದು ಫಂಕ್ಷನ್ ಎಂಬ ಪ್ರತ್ಯೇಕ ತುಣುಕಿನ ಒಳಗಲ್ಲವೇ, ಹೊರಗಿನದು ಅಲ್ಲಿಗೆ ಹೇಗೆ ನುಗ್ಗಿತು ಎಂದು ಹುಡುಗ ವಾದ ಹೂಡಿದ. ನಮ್ಮ ಸೀಮೆಯ ಕಾಡಾನೆಗೆ ಬೇಲಿ ಹೇಗೋ ಮ್ಯಾಕ್ರೋಗೆ ಫಂಕ್ಷನ್ನು ಹಾಗೆ. (ವಿಂಡೋಸ್.ಎಚ್ ಏನೂ ಸಾಧುವಲ್ಲ, ಅದೂ ಹೀಗೆ ಹೆಸರು ಕಬಳಿಸುತ್ತದೆ. ನಿಯರ್, ಫಾರ್ ಎಂಬ ಹೆಸರುಗಳನ್ನು 16 ಬಿಟ್ ಕಾಲದಿಂದ ಬಿಟ್ಟುಕೊಟ್ಟಿಲ್ಲ. ಮಿನ್, ಮ್ಯಾಕ್ಸ್ ಎಂಬ ಹೆಸರುಗಳು ನಮಗೆ ಉಳಿಯಬೇಕಾದರೆ ನೋಮಿನ್‌ಮ್ಯಾಕ್ಸ್ ಎಂದು ಮೊದಲೇ ಗೋಗರೆಯಬೇಕು.)

ಹೆಸರು ಬದಲಾಯಿತು, ಕಂಪೈಲ್ ಆಯಿತು, ಮಾವ ಊದುಬತ್ತಿ ಹಚ್ಚಿದರು. ಮೊದಲ ಚೀಲ ಏರಿತು. ತೂಕ ಬಂತು. ಎರಡನೆಯ ಚೀಲ ಏರಿತು. ಪರದೆ ಅಲುಗಲಿಲ್ಲ. ಮೇಸ್ತ್ರಿ ಚೀಲ ಇಳಿಸಿ ಮತ್ತೆ ಏರಿಸಿದರು. ಸಾಲಿನಲ್ಲಿದ್ದ ಹೆಂಗಸರು ಎಲೆಅಡಿಕೆಯ ಚೀಲ ಬಿಚ್ಚಿದರು. ಕೊನೆಗೊಮ್ಮೆ ಏನೂ ಆಗದವರಂತೆ ತೂಕ ಕಾಣಿಸಿಕೊಂಡಿತು. ಮೂರನೆಯದಕ್ಕೂ ಅದೇ ತಪಸ್ಸು.

ಮುಂದಿನ ಚೀಲದ ತೂಕ ಸ್ಥಿರವಾಗಲೆಂದು ಹಳೆಯ ಪ್ರೋಗ್ರಾಮು ಪ್ರತಿ ಚೀಲ ತೂಗಿದ ಮೇಲೂ ಸ್ಲೀಪ್ 500 ಎನ್ನುತ್ತಿತ್ತು. ವಿಂಡೋಸ್‌ನ ದೊಡ್ಡ ಎಸ್ ಸ್ಲೀಪ್ ಎಣಿಸುವುದು ಮಿಲಿಸೆಕೆಂಡ್, ಅಂದರೆ ಅರ್ಧ ಸೆಕೆಂಡಿನ ನಿದ್ದೆ. ಲಿನಕ್ಸ್‌ನ ಸಣ್ಣ ಎಸ್ ಸ್ಲೀಪ್ ಎಣಿಸುವುದು ಸೆಕೆಂಡ್. ನಮ್ಮ ಹುಡುಗ ದೊಡ್ಡದನ್ನು ಸಣ್ಣದಾಗಿಸುವ ಒಂದು ಮ್ಯಾಕ್ರೋ ಬರೆದು ಕೈತೊಳೆದುಕೊಂಡಿದ್ದ. ಚೀಲಕ್ಕೆ 8 ನಿಮಿಷ 20 ಸೆಕೆಂಡ್.

ಎರಡು ವ್ಯವಸ್ಥೆಗೂ ಬೇರೆ ಬೇರೆ ದಾರಿ ಮಾಡೋಣವೆಂದು ಇಫ್‌ಡೆಫ್ ಎಂಬ ಷರತ್ತು ಹಾಕಿ, ವಿಂಡೋಸ್‌ನ ಗುರುತಿನ ಹೆಸರಾದ ವಿನ್32 ಎಂದು ಬರೆಯುತ್ತಿದ್ದೆ. ಹಿಂದೆ ನಿಂತಿದ್ದ ಮಾವ, "ಈಗಿನವೆಲ್ಲ 64 ಅಲ್ಲವೇನಯ್ಯಾ?" ಎಂದರು. 64 ಬಿಟ್ ವಿಂಡೋಸ್ ಕೂಡ ತನ್ನನ್ನು ವಿನ್32 ಎಂದೇ ಹೇಳಿಕೊಳ್ಳುತ್ತದೆ, ಜೊತೆಗೆ ವಿನ್64 ಎಂದೂ ಹೇಳುತ್ತದೆ ಎಂದೆ. ಮಾವ ನನ್ನ ಮುಖವನ್ನೂ ಮಗನ ಮುಖವನ್ನೂ ನೋಡಿ, ಒಳಗೆ ಹೋಗಿ ಗಡಿಯಾರದ ಮುಳ್ಳಿನ ಹಳೆಯ ತೂಗುತಕ್ಕಡಿಯನ್ನು ತರಿಸಿದರು.

ನಾನು ಎರಡನೆಯ ಸಲ ಕಂಪೈಲ್ ಮಾಡುವಷ್ಟರಲ್ಲಿ ತೋಟದ ರೈಟರು ಇಡೀ ಸಾಲಿನ ತೂಕವನ್ನು ಪುಸ್ತಕದಲ್ಲಿ ಬರೆದು ಮುಗಿಸಿದ್ದರು. ಅದನ್ನು ಕಂಪ್ಯೂಟರಿಗೆ ತುಂಬುವ ಕೆಲಸ ಇಂಜಿನಿಯರಿಂಗ್ ವಿದ್ಯಾರ್ಥಿಯ ಪಾಲಿಗೆ ಬಂತು. ರೈಟರ ಕೈಬರಹ ಅವನಿಗೆ ಓದಲು ಬರುವುದಿಲ್ಲ.