ನೂರಕ್ಕೆ ನೂರು ಪ್ಲೇಸ್‌ಮೆಂಟ್ ಅಂತೆ, ಸಂಬಳ ಯಾರು ಕೊಡುತ್ತಾರೆ ಸ್ವಾಮಿ?

ಪ್ಲಸ್ ಟು (ಪಿಯುಸಿ) ರಿಸಲ್ಟ್ ಬಂದರೆ ಸಾಕು, ನಮ್ಮ ಕಾಸರಗೋಡು ಜಿಲ್ಲೆಯ ಕುಂಬಳೆ, ಬದಿಯಡ್ಕ, ಉಪ್ಪಳದ ಕಡೆ ಟೈ ಕಟ್ಟಿದ ಹುಡುಗರ ಓಡಾಟ ಶುರುವಾಗುತ್ತದೆ. ಕೈಯಲ್ಲಿ ಟ್ಯಾಬ್. ಬಾಯಲ್ಲಿ ಒಂದೇ ಮಾತು, "ಅಂಕಲ್, ಎರಡೇ ಸೀಟ್ ಉಳಿದಿರೋದು". ನಿನ್ನೆ ಸಂಜೆ ತಂಗಿಯ ಮನೆಗೆ ಹೋದಾಗ ಅಂಥವನೊಬ್ಬ ಚಾವಡಿಯಲ್ಲಿ ಕೂತು ಚಹಾ ಕುಡಿಯುತ್ತಿದ್ದ. ಅಳಿಯನನ್ನು, ಅಂದರೆ ತಂಗಿಯ ಮಗನನ್ನು, ಮೂರು ವರ್ಷದ ಸೇಲ್ಸ್ ಅಂಡ್ ಮರ್ಚಂಡೈಸಿಂಗ್ (ಮಾಲು ಆರಿಸಿ, ತರಿಸಿ, ಜೋಡಿಸಿ ಮಾರುವ ವಿದ್ಯೆ) ಡಿಗ್ರಿಗೆ ಸೇರಿಸುವ ಮಾತು. ತಲಪಾಡಿ ಗಡಿಯ ಆಚೆ, ಕರ್ನಾಟಕದ ಒಂದು ಕಾಲೇಜು. ಹೆಸರು ಹೇಳುವುದಿಲ್ಲ, ಹೇಳಿದರೆ ಅವರಿಗೆ ಬಿಟ್ಟಿ ಜಾಹೀರಾತು.

ಬ್ರೋಷರ್ ನೋಡಿದೆ. ಮುಖಪುಟದಲ್ಲಿ ಫ್ಯಾಷನ್ ಶೋ. ಒಳಗೆ ಗಾಜಿನ ಕಟ್ಟಡ, ನಗುವ ಮಕ್ಕಳು. ಕೊನೆಯ ಪುಟದಲ್ಲಿ ಕೆಲಸ ಸಿಕ್ಕಿದವರ ಪಟ್ಟಿ. ಅದರಲ್ಲಿ ಎಲ್ಲ ಸೂಪರ್ ಮಾರ್ಕೆಟ್, ಮೊಬೈಲ್ ಶೋರೂಮ್, ಬಟ್ಟೆ ಅಂಗಡಿ. ಫ್ಯಾಷನ್ ಶೋ ಎಲ್ಲಿಗೆ ಹೋಯಿತೋ!

ನಾನು ಕೇಳಿದೆ, "ಸಂಬಳ ಎಷ್ಟು?"

"ಪ್ಲೇಸ್‌ಮೆಂಟ್ ಹಂಡ್ರೆಡ್ ಪರ್ಸೆಂಟ್ ಸರ್."

"ಅದಲ್ಲ ಮಾರಾಯ, ಸಂಬಳ. ಯಾರ ಪೇರೋಲ್‌ನಲ್ಲಿ, ಅಂದರೆ ಸಂಬಳ ಕೊಡುವವರು ಯಾರು?"

ಹುಡುಗ ನನ್ನ ಮುಖ ನೋಡಿದ. ಸೇಲ್ಸ್ ಡಿಗ್ರಿಯನ್ನೇ ಮಾರಲು ಬಂದವನಿಗೆ ಈ ಪ್ರಶ್ನೆ ಅರ್ಥವಾಗಲಿಲ್ಲ. ತಂಗಿಯ ಗಂಡ, ನನ್ನ ಭಾವನಿಗೂ ಅರ್ಥವಾಗಲಿಲ್ಲ. ಅಲ್ಲಿಂದ ತಲೆ ಬಿಸಿಯಾದದ್ದು ಇನ್ನೂ ಇಳಿದಿಲ್ಲ.

ತಲಪಾಡಿಯಿಂದ ಚೆರ್ವತ್ತೂರಿನವರೆಗೆ ಬೈಕಿನಲ್ಲಿ ಅಂಗಡಿಯಿಂದ ಅಂಗಡಿಗೆ ಹೋಗಿ ಸೋಪು, ಬಿಸ್ಕತ್ತಿನ ಲೈನ್ ಸೇಲ್ಸ್ ಮಾಡಿದವನು ನಾನು. ಹಳೆಯ ಗೆಳೆಯರಿಗೆ ಇದೆಲ್ಲ ಗೊತ್ತೇ ಇದೆ. ಗೊತ್ತಿಲ್ಲದವರಿಗಾಗಿ ಹೇಳುತ್ತೇನೆ. ದೊಡ್ಡ ಕಂಪನಿಯ ಅಂಗಿ ಹಾಕಿ ಅಂಗಡಿಯಲ್ಲಿ ನಿಂತವರೆಲ್ಲ ಆ ಕಂಪನಿಯವರಲ್ಲ. ತುಂಬಾ ಜನ ಆಫ್-ರೋಲ್. ಟಾರ್ಗೆಟ್ ಕಂಪನಿಯದ್ದು, ಬೈಗುಳ ಕಂಪನಿಯದ್ದು, ಸಂಬಳ ಮಾತ್ರ ನಡುವಿನ ಒಂದು ಮ್ಯಾನ್‌ಪವರ್ ಏಜೆನ್ಸಿಯದ್ದು. ವರ್ಷದ ಕಾಂಟ್ರಾಕ್ಟ್ ಮುಗಿದರೆ "ನೀವು ನಮ್ಮವರಲ್ಲ" ಎಂದುಬಿಡುತ್ತಾರೆ. ಕಾಲೇಜಿನ ಪಟ್ಟಿಯಲ್ಲಿ ಅದೂ ಪ್ಲೇಸ್‌ಮೆಂಟ್. ಒಂದು ತಿಂಗಳು ಮಾಡಿ ಬಿಟ್ಟರೂ ಪ್ಲೇಸ್‌ಮೆಂಟ್. ಲೆಕ್ಕ ಸರಿಯಾಗಿಯೇ ಇದೆ, ಸುಳ್ಳಿಲ್ಲ. ಸಂಬಳದ ಚೀಟಿ ಮಾತ್ರ ಯಾರೂ ತೋರಿಸುವುದಿಲ್ಲ.

ಈಗ ಖರ್ಚಿಗೆ ಬನ್ನಿ. ಫೀಸು ವರ್ಷಕ್ಕೆ 1.4 ಲಕ್ಷ, ಹಾಸ್ಟೆಲ್ ಮತ್ತು ಊಟ 90 ಸಾವಿರ. ಮೂರು ವರ್ಷಕ್ಕೆ 6.9 ಲಕ್ಷ ಆಯಿತು. ಲ್ಯಾಪ್‌ಟಾಪ್, ಕೋಟು (ಹೌದು, ಕೋಟು ಕಡ್ಡಾಯವಂತೆ, ಈ ಸೆಕೆಯಲ್ಲಿ), ಇಂಡಸ್ಟ್ರಿಯಲ್ ವಿಸಿಟ್ ಹೆಸರಿನ ಟೂರು ಎಲ್ಲ ಸೇರಿ ಏಳೂವರೆ ಎಂದಿಟ್ಟುಕೊಳ್ಳಿ. ಭಾವ 6 ಲಕ್ಷ ಸಾಲ ತೆಗೆಯುವ ಲೆಕ್ಕದಲ್ಲಿದ್ದಾರೆ. "ಏಳೂವರೆ ಲಕ್ಷದವರೆಗೆ ಅಡವು ಬೇಡವಂತೆ" ಎಂದರು ಖುಷಿಯಲ್ಲಿ. ಅಡವು ಬೇಡ, ಸರಿ. ಸಾಲಗಾರರ ಜಾಗದಲ್ಲಿ ಅಪ್ಪನ ಸಹಿ ಬೇಕಲ್ವಾ? ಓದು ಮುಗಿದು ಒಂದು ವರ್ಷದವರೆಗೆ ಕಂತು ಇಲ್ಲ, ಆದರೆ ಬಡ್ಡಿ ಅಲ್ಲಿಯವರೆಗೆ ಮಲಗಿರುವುದಿಲ್ಲ. ಅದನ್ನು ಬಿಟ್ಟು ಬರೀ 6 ಲಕ್ಷಕ್ಕೆ ಶೇ 10 ಬಡ್ಡಿ, ಹತ್ತು ವರ್ಷದ ಅವಧಿ ಹಾಕಿದರೂ ತಿಂಗಳಿಗೆ ಸುಮಾರು 7,900 ರೂಪಾಯಿ ಕಂತು. ಕೊನೆಗೆ ಕಟ್ಟಿದ್ದು ಒಂಬತ್ತೂವರೆ ಲಕ್ಷ.

ನನಗೆ ಗೊತ್ತಿರುವ ಹುಡುಗರು ಮಂಗಳೂರು, ಬೆಂಗಳೂರಿನ ಶೋರೂಮ್‌ಗಳಲ್ಲಿ ಶುರುವಿನಲ್ಲಿ 15ರಿಂದ 18 ಸಾವಿರ ತೆಗೆದುಕೊಂಡವರು. ಅದರಲ್ಲಿ ಪಿಜಿ ಬಾಡಿಗೆ ಹೋಗಬೇಕು, ಬಸ್ಸು ಹೋಗಬೇಕು. ಮೇಲೆ ಈ 7,900. ಉಳಿದದ್ದರಲ್ಲಿ ಹುಡುಗ ಗಾಳಿ ಕುಡಿಯಬೇಕಾ? ಇನ್ನೊಂದು ಲೆಕ್ಕ ಯಾರೂ ಹಾಕುವುದಿಲ್ಲ. ಇದೇ ಮೂರು ವರ್ಷ ಅವನು ಊರಿನಲ್ಲೇ 12 ಸಾವಿರಕ್ಕೆ ಒಂದು ಅಂಗಡಿಯಲ್ಲಿ ದುಡಿದರೆ 4.32 ಲಕ್ಷ ಆಗುತ್ತದೆ. ಮೂರು ವರ್ಷದ ಅನುಭವವೂ ಕೈಯಲ್ಲಿ.

ಹಾಗೆಂದು ವಿಷಯವೇ ಹಗುರ ಎಂದು ನಾನು ಹೇಳುತ್ತಿಲ್ಲ. ಇದು ಬಹಳ ಚಂದದ ವಿದ್ಯೆ, ನನಗೆ ಈಗಲೂ ಅದರ ಹುಚ್ಚಿದೆ. ಯಾವ ಮಾಲು, ಎಷ್ಟು, ಯಾವಾಗ, ಯಾವ ಶೆಲ್ಫಿನಲ್ಲಿ, ಯಾವ ರೇಟಿಗೆ ಎಂಬುದರಲ್ಲೇ ಅಂಗಡಿ ಬದುಕುವುದು ಅಥವಾ ಸಾಯುವುದು. ನಮ್ಮ ಕಡೆಯ ಕೃಷಿ ಅಂಗಡಿಯ ಮೈಲುತುತ್ತನ್ನೇ (ಕಾಪರ್ ಸಲ್ಫೇಟ್) ತೆಗೆದುಕೊಳ್ಳಿ. ಅಡಿಕೆಗೆ ಕೊಳೆರೋಗ ಬಾರದಂತೆ ಮಳೆ ಹಿಡಿಯುವ ಹೊತ್ತಿಗೆ ಒಂದು ಸಲ ಮೈಲುತುತ್ತು, ಸುಣ್ಣದ ಬೋರ್ಡೋ ದ್ರಾವಣ ಸಿಂಪಡಿಸಬೇಕು, ಮತ್ತೆ ನಲವತ್ತು ನಲವತ್ತೈದು ದಿನಕ್ಕೆ ಇನ್ನೊಂದು ಸಲ. 100 ಲೀಟರ್ ನೀರಿಗೆ ಒಂದು ಕಿಲೋ ಮೈಲುತುತ್ತು, ಒಂದು ಕಿಲೋ ಸುಣ್ಣ. ಅಂದರೆ ಅಂಗಡಿಯವನಿಗೆ ಇದರ ವ್ಯಾಪಾರ ವರ್ಷದಲ್ಲಿ ಕೆಲವೇ ವಾರ. ಮೇ ತಿಂಗಳಲ್ಲಿ ಕಡಿಮೆ ತಂದರೆ ಗಿರಾಕಿ ಪಕ್ಕದ ಅಂಗಡಿಗೆ ಹೋಗುತ್ತಾನೆ, ಬರೀ ಮೈಲುತುತ್ತಿಗಲ್ಲ, ಗೊಬ್ಬರ, ಪೈಪು ಎಲ್ಲದಕ್ಕೂ. ಜಾಸ್ತಿ ತಂದರೆ ಮುಂದಿನ ಮಳೆಗಾಲದವರೆಗೆ ದುಡ್ಡು ಗೋಡೌನಿನಲ್ಲಿ ಮಲಗುತ್ತದೆ. ಮಳೆ ಬೇಗ ಬಂದೀತಾ, ತಡವಾದೀತಾ, ಅಡಿಕೆ ರೇಟು ಹೇಗಿದೆ, ಮರ ಹತ್ತುವವರು ಸಿಗುತ್ತಾರಾ, ಇದೆಲ್ಲ ನೋಡಿ ಆರ್ಡರ್ ಕೊಡುವವನೇ ನಿಜವಾದ ಮರ್ಚಂಡೈಸರ್.

ಪುಸ್ತಕದಲ್ಲಿ ಇದಕ್ಕೆ ಲೆಕ್ಕವೂ ಇದೆ. ಅಂಗಡಿಯಲ್ಲಿ ಸರಾಸರಿ 3 ಲಕ್ಷದ ಸ್ಟಾಕ್ ಇದೆ, ವರ್ಷಕ್ಕೆ ಅಸಲು ಲೆಕ್ಕದಲ್ಲಿ 12 ಲಕ್ಷದ ಮಾಲು ಹೋಗುತ್ತದೆ ಎಂದರೆ ಸ್ಟಾಕ್ ನಾಲ್ಕು ಸಲ ತಿರುಗಿತು. ಅದೇ ವ್ಯಾಪಾರವನ್ನು 1 ಲಕ್ಷದ ಸ್ಟಾಕಿನಲ್ಲಿ ನಡೆಸಿದರೆ ಹನ್ನೆರಡು ಸಲ. ಉಳಿದ 2 ಲಕ್ಷಕ್ಕೆ ಬ್ಯಾಂಕಿಗೆ ಬಡ್ಡಿ ಕಟ್ಟಬೇಕಾಗಿಲ್ಲ. ಇದನ್ನು ನನಗೆ ಕಲಿಸಿದ್ದು ಪ್ರೊಫೆಸರ್ ಅಲ್ಲ, ಕುಂಬಳೆಯ ಒಬ್ಬ ಬ್ಯಾರಿ ವ್ಯಾಪಾರಿ. ಸಿಗರೇಟು ಪ್ಯಾಕಿನ ಹಿಂದೆ ಬರೆದು ತೋರಿಸಿದ್ದರು. ಫೀಸು ಒಂದು ಸೋಡಾ ಶರಬತ್ತು, ಅದರ ದುಡ್ಡನ್ನೂ ಅವರೇ ಕೊಟ್ಟರು.

ಭಾವನ ವಾದ ಒಂದಿದೆ. "ಈಗ ಡಿಗ್ರಿ ಇಲ್ಲದವನನ್ನು ಯಾರು ಕೇಳುತ್ತಾರೆ? ಮ್ಯಾನೇಜರ್ ಆಗಬೇಕಾದರೆ ಡಿಗ್ರಿ ಬೇಡವಾ? ನಾಳೆ ಗಲ್ಫಿಗೆ ಹೋದರೂ ಸರ್ಟಿಫಿಕೇಟ್ ಅಟೆಸ್ಟ್ ಮಾಡಿಸಬೇಕಲ್ಲ?"

ಸರಿ ಭಾವ, ಒಪ್ಪಿದೆ. ಡಿಗ್ರಿ ಬೇಕು. ಆದರೆ ಏರಿಯಾ ಮ್ಯಾನೇಜರ್ ಕೆಲಸದ ಜಾಹೀರಾತು ಒಮ್ಮೆ ಓದಿ. "ಯಾವುದೇ ಪದವಿ" ಎಂದಿರುತ್ತದೆ. ಯಾವುದೇ! ಬಿ.ಕಾಂ. ಆದರೂ ಆಯಿತು, ಕನ್ನಡ ಬಿ.ಎ. ಆದರೂ ಆಯಿತು. ಕಾಸರಗೋಡು ಸರ್ಕಾರಿ ಕಾಲೇಜು 1957ರಿಂದ ಇದೆ. ಮಂಜೇಶ್ವರದಲ್ಲಿ ಗೋವಿಂದ ಪೈ ಹೆಸರಿನ ಸರ್ಕಾರಿ ಕಾಲೇಜಿದೆ. ಅಲ್ಲಿನ ಮೂರು ವರ್ಷದ ಫೀಸು ಒಟ್ಟು ಸೇರಿಸಿದರೂ ಇವರ ಒಂದು ಸೆಮಿಸ್ಟರಿನ ಹಾಸ್ಟೆಲ್ ಬಿಲ್ಲಿಗೆ ಸಮವಾಗುವುದಿಲ್ಲ. 2024ರಿಂದ ಕೇರಳದಲ್ಲಿ ನಾಲ್ಕು ವರ್ಷದ ಡಿಗ್ರಿ ಬಂದಿದೆ ಎಂದು ಹೆದರಬೇಡಿ, ಮೂರು ವರ್ಷಕ್ಕೆ ಡಿಗ್ರಿ ತೆಗೆದುಕೊಂಡು ಹೊರಬರಬಹುದು. ಸಂಜೆ, ರಜೆಯಲ್ಲಿ ಹುಡುಗ ಒಂದು ಏಜೆನ್ಸಿಯಲ್ಲಿ ಬಿಲ್ಲಿಂಗ್‌ಗೆ ಕೂರಲಿ. ಕಲಿಯುತ್ತಾ ದುಡಿಯಲು ಅಪ್ರೆಂಟಿಸ್ ದಾರಿಯೂ ಇದೆ, ರೀಟೇಲಿಗೂ ಇದೆ. ಸ್ಟೈಪೆಂಡಿನ ಶೇ 25, ತಿಂಗಳಿಗೆ 1,500 ರೂಪಾಯಿಯವರೆಗೆ, ಕೇಂದ್ರ ಸರ್ಕಾರವೇ ಕೊಡುತ್ತದೆ. ಈ ಟ್ಯಾಬ್ ಹುಡುಗ ಅದನ್ನು ಹೇಳುತ್ತಾನಾ? ಹೇಳಿದರೆ ಅವನ ಕಮಿಷನ್ ಹೋಯಿತು.

ಗಲ್ಫಿನ ಮಾತು ಬಂದದ್ದು ಒಳ್ಳೆಯದಾಯಿತು. ನನ್ನ ಕ್ಲಾಸ್‌ಮೇಟ್ ಒಬ್ಬ ಶಾರ್ಜಾದಲ್ಲಿ ಮರ್ಚಂಡೈಸರ್ ವೀಸಾದಲ್ಲೇ ಇದ್ದವನು. ಕೆಲಸ ಏನು ಗೊತ್ತಾ? ಬೆಳಿಗ್ಗೆ ಹೈಪರ್ ಮಾರ್ಕೆಟ್ ತೆರೆಯುವ ಮೊದಲು ಹೋಗಿ ಜ್ಯೂಸಿನ ಡಬ್ಬಿ ಜೋಡಿಸುವುದು, ಎಕ್ಸ್‌ಪೈರಿ ಹತ್ತಿರವಾದದ್ದನ್ನು ಮುಂದೆ ತರುವುದು, ಪಕ್ಕದ ಬ್ರಾಂಡಿನವನು ನಮ್ಮ ಜಾಗ ನುಂಗದಂತೆ ನೋಡುವುದು. ಸೊಂಟ ನೋವು ಬೋನಸ್. ಅವನ ಸಂಬಳ ಏರಿದ್ದು ಡ್ರೈವಿಂಗ್ ಲೈಸೆನ್ಸ್ ಸಿಕ್ಕಿ ವ್ಯಾನ್ ಸೇಲ್ಸ್‌ಗೆ ಹೋದ ಮೇಲೆ. ಡಿಗ್ರಿಗೆ ಸುರಿಯುವ ದುಡ್ಡಿನ ಒಂದು ಪಾಲನ್ನು ಅವನು ಲೈಸೆನ್ಸಿಗೆ ಸುರಿದ, ಅಷ್ಟೇ.

ಬಟ್ಟೆ ರಫ್ತಿನ ಮರ್ಚಂಡೈಸಿಂಗ್ ಬೇರೆ ಲೋಕ. ತಮಿಳುನಾಡಿನ ತಿರುಪ್ಪೂರಿನಲ್ಲಿ ವಿದೇಶದ ಬಯರ್ ಹತ್ತಿರ ಆರ್ಡರ್ ತೆಗೆದು, ಸ್ಯಾಂಪಲ್ ಪಾಸ್ ಮಾಡಿಸಿ, ಬಟ್ಟೆ, ನೂಲು, ಬಟನ್ ಎಲ್ಲದರ ಕಾಸ್ಟಿಂಗ್ ಹಾಕಿ, ಹಡಗಿನ ತಾರೀಕಿಗೆ ಮಾಲು ಮುಟ್ಟಿಸುವ ಕೆಲಸ. ಅದಕ್ಕೆ ಕಲಿಕೆ ಬೇಕು, ಡಿಗ್ರಿಗೂ ಬೆಲೆ ಇದೆ. ಆ ಆಸೆ ಇರುವ ಮಗುವಿಗೆ ಕಣ್ಣೂರಿನ ಧರ್ಮಶಾಲೆಯಲ್ಲೇ ಕೇಂದ್ರ ಸರ್ಕಾರದ ಫ್ಯಾಷನ್ ಸಂಸ್ಥೆ ನಿಫ್ಟ್ ಇದೆ. ಪ್ರವೇಶ ಪರೀಕ್ಷೆ ಬರೆಯಬೇಕು, ಫೀಸೂ ಕಡಿಮೆಯಲ್ಲ. ಆದರೆ ಅಲ್ಲಿಗೆ ಕಂಪನಿಗಳು ಯಾಕೆ ಬರುತ್ತವೆ ಎಂದು ಗೊತ್ತಿದೆ. ನಮ್ಮ ಬ್ರೋಷರಿನವರು ಆ ಲೋಕದ ಫೋಟೋ ಹಾಕಿ ಈ ಲೋಕದ ಕೆಲಸ ಕೊಡುತ್ತಾರೆ.

ಇಷ್ಟು ಹೇಳಿದರೆ ಕೆಲವರು "ನಿನಗೆ ಹೊಟ್ಟೆಕಿಚ್ಚು" ಎನ್ನುತ್ತೀರಿ. ಹೌದು, ಇದೆ. ನಾನು ಪ್ರಿ ಡಿಗ್ರಿಗೇ (ಈಗಿನ ಪ್ಲಸ್ ಟು) ಓದು ನಿಲ್ಲಿಸಿದವನು. ಮಂಗಳೂರಿನ ಹೋಟೆಲಿನಲ್ಲಿ ಕಂಪನಿ ಮೀಟಿಂಗ್ ಆಗುವಾಗ, ಒಂದು ಕಾರ್ಟನ್ ಎತ್ತಿ ನೋಡದ ಹುಡುಗ ಇಂಗ್ಲಿಷಿನಲ್ಲಿ ನನ್ನ ಲೈನಿನ ಬಗ್ಗೆ ನನಗೇ ಪಾಠ ಮಾಡಿದ್ದಾನೆ. ನಾನು ಹಿಂದಿನ ಸಾಲಿನಲ್ಲಿ ಕೂತು ತಲೆ ಆಡಿಸಿದ್ದೇನೆ. ಆ ದಿನಗಳಲ್ಲಿ ಹೋಟೆಲಿನ ಊಟ ಗಂಟಲಲ್ಲಿ ಇಳಿಯುತ್ತಿರಲಿಲ್ಲ. ನನ್ನ ಅಳಿಯ ಹಿಂದಿನ ಸಾಲಿನಲ್ಲಿ ಕೂರಬಾರದು ಎಂಬ ಆಸೆ ಭಾವನಿಗಿಂತ ನನಗೇ ಜಾಸ್ತಿ. ಹಾಗಾಗಿಯೇ ಕೇಳುತ್ತಿದ್ದೇನೆ, ಸಂಬಳದ ಚೀಟಿ ತೋರಿಸಿ ಎಂದು.

ಹುಡುಗನ ಬಗ್ಗೆಯೂ ಒಂದು ಮಾತು. ಕನ್ನಡ ಮೀಡಿಯಂ ಓದಿದವನು. ಮನೆಯಲ್ಲಿ ಕನ್ನಡ, ರಸ್ತೆಯಲ್ಲಿ ತುಳು, ಬಸ್ಸಿನಲ್ಲಿ ಮಲಯಾಳಂ, ಕ್ರಿಕೆಟ್ ಗ್ರೌಂಡಿನಲ್ಲಿ ಬ್ಯಾರಿ. ಕಳೆದ ಓಣಂ ರಜೆಯಲ್ಲಿ ಪೇಟೆಯ ಬಟ್ಟೆ ಅಂಗಡಿಯಲ್ಲಿ ನಿಂತಿದ್ದ. ಒಬ್ಬ ಅಜ್ಜಿಗೆ ತುಳುವಿನಲ್ಲಿ ಸೀರೆ ತೋರಿಸುತ್ತಲೇ, ಅವರ ಸೊಸೆಗೆ ಮಲಯಾಳದಲ್ಲಿ ರೇಟು ಹೇಳಿ, ಇಬ್ಬರಿಗೂ ಮಾರಿ ಕಳಿಸಿದ್ದನ್ನು ನಾನೇ ನೋಡಿದ್ದೇನೆ. ಅವನಿಗೆ ಕಲಿಸಬೇಕಾದದ್ದು ಅಕೌಂಟ್ಸ್, ಜಿಎಸ್‌ಟಿ, ಎಕ್ಸೆಲ್, ಹೆದರದೆ ಮಾತಾಡುವಷ್ಟು ಇಂಗ್ಲಿಷ್. ಇದಕ್ಕೆ ಏಳೂವರೆ ಲಕ್ಷ ಯಾಕೆ ಬೇಕು?

ಭಾವ ಇನ್ನೂ ತೀರ್ಮಾನ ಮಾಡಿಲ್ಲ. ತಂಗಿ ನನ್ನ ಫೋನ್ ಎತ್ತುತ್ತಿಲ್ಲ. ಕಾಲೇಜಿನ ನಂಬರಿಗೆ ನಾನೇ ವಾಟ್ಸಾಪ್ ಮಾಡಿದ್ದೇನೆ. ಕಳೆದ ವರ್ಷ ಪಾಸಾದವರ ಆಫರ್ ಲೆಟರ್ ಕಳಿಸಿ, ಹೆಸರು ಅಳಿಸಿ ಕೊಟ್ಟರೂ ಸಾಕು, ಕಂಪನಿ ಯಾವುದು, ಸಂಬಳ ಎಷ್ಟು ಅಂತ ಕಂಡರೆ ಆಯಿತು ಎಂದು. ಎರಡು ನೀಲಿ ಗೆರೆ ಬಿದ್ದಿದೆ. ಉತ್ತರವಾಗಿ ಬಂದದ್ದು ಅದೇ ಫ್ಯಾಷನ್ ಶೋ ಬ್ರೋಷರ್.

ಈ ಕೋರ್ಸ್ ಮಾಡಿ ಈಗ ಕೆಲಸದಲ್ಲಿರುವವರು ಯಾರಾದರೂ ಇದ್ದರೆ ಕಾಮೆಂಟಿನಲ್ಲೋ ಇನ್‌ಬಾಕ್ಸಿನಲ್ಲೋ ನಿಮ್ಮ ಮೊದಲ ಸಂಬಳ, ಯಾರ ಪೇರೋಲ್ ಅಂತ ಬರೆಯಿರಿ, ಭಾವನಿಗೆ ಹಾಗೆಯೇ ತೋರಿಸುತ್ತೇನೆ. ಸೀಟ್ ಎರಡೇ ಉಳಿದಿರುವವರು ದಯವಿಟ್ಟು ಬರಬೇಡಿ, ಬ್ಲಾಕ್ ಮಾಡುತ್ತೇನೆ.