ಶಾಲೆಯ ಗೇಟಿಗೆ ವಲಸೆ ಪೊಲೀಸರು ಬರಬಹುದೇ? – ಪರ, ವಿರೋಧ

ಅಮೆರಿಕದ ವಲಸೆ ಜಾರಿ ಸಂಸ್ಥೆಗೆ ಅಲ್ಲಿನ ಜನ ‘ಐಸ್’ ಅನ್ನುತ್ತಾರೆ. ಶಾಲೆ, ಆಸ್ಪತ್ರೆ, ಚರ್ಚು, ಮದುವೆ, ಶವಸಂಸ್ಕಾರ ಇಂಥ ಕಡೆ ಆದಷ್ಟು ಯಾರನ್ನೂ ಹಿಡಿಯಬೇಡಿ ಎಂದು ಅದರ ಅಂದಿನ ಮುಖ್ಯಸ್ಥ ಜಾನ್ ಮಾರ್ಟನ್ 2011ರ ಅಕ್ಟೋಬರ್‌ನಲ್ಲಿ ಸುತ್ತೋಲೆ ಹೊರಡಿಸಿದರು. 2021ರಲ್ಲಿ ಆ ಪಟ್ಟಿಗೆ ಆಟದ ಮೈದಾನ, ಶಾಲಾ ಬಸ್ ನಿಲ್ಲುವ ಜಾಗಗಳೂ ಸೇರಿದವು. 2025ರ ಜನವರಿ 20, ಟ್ರಂಪ್ ಮತ್ತೆ ಅಧ್ಯಕ್ಷರಾದ ದಿನ. ಅಂದೇ ಎಲ್ಲ ರದ್ದು. ಈಗ ಅದು ಅಧಿಕಾರಿಗಳ ವಿವೇಚನೆಗೆ ಬಿಟ್ಟ ವಿಷಯ.

ಹೋದ ರಕ್ಷಣೆಯನ್ನು ಅಮೆರಿಕದ ಸಂಸತ್ತಾದ ಕಾಂಗ್ರೆಸ್ಸು ಕಾನೂನು ಮಾಡಿ ಗಟ್ಟಿ ಮಾಡಬೇಕೇ? ಅಲ್ಲೇ ಮಕ್ಕಳನ್ನು ಬೆಳೆಸಿದ ಇಬ್ಬರು ಬರೆದಿದ್ದಾರೆ.

ಪರ: ಸುತ್ತೋಲೆ ಸಾಲದು, ಕಾನೂನು ಬೇಕು

ನಮ್ಮ ಮಗಳ ಶಾಲೆಯಿಂದ ಪ್ರತಿ ವರ್ಷ ಒಂದು ಫಾರಂ ಬರುತ್ತದೆ. ತುರ್ತು ಬಂದರೆ ಯಾರಿಗೆ ಫೋನ್ ಮಾಡಬೇಕು, ಮಗುವನ್ನು ಯಾರ ಕೈಗೆ ಕೊಡಬಹುದು, ಇಷ್ಟೇ ಕೇಳಿರುತ್ತಾರೆ. ಹೆಸರು ಬರೆಯಲು ಮೂರು ಸಾಲು. ನಾನು ಗಂಡನ ಹೆಸರು, ಪಕ್ಕದ ಮನೆಯವರ ಹೆಸರು ಗೀಚಿ ಕೊಟ್ಟುಬಿಡುತ್ತೇನೆ. ಮೂರನೇ ಸಾಲು ಯಾವಾಗಲೂ ಖಾಲಿ.

2025ರ ಫೆಬ್ರುವರಿಯಲ್ಲಿ ಒಂದು ದಿನ ಶಾಲೆಯ ಆಫೀಸಿನಲ್ಲಿ ಕೂತಿದ್ದೆ. ಮಗಳ ಕ್ಲಾಸಿನದೇ ಒಬ್ಬ ಹುಡುಗನ ತಾಯಿ ಬಂದು ಹೊಸ ಫಾರಂ ಕೇಳಿದಳು. ಮೂರು ಸಾಲು ತುಂಬಿತು. ಕಾಗದ ತಿರುಗಿಸಿ ಹಿಂದುಗಡೆಯೂ ಬರೆದಳು. ತಂಗಿ, ತಂಗಿಯ ಗಂಡ, ಚರ್ಚಿನ ಒಬ್ಬ ಅಜ್ಜಿ, ತಾನು ಮನೆಗೆಲಸ ಮಾಡುವ ಮನೆಯೊಡತಿ. ಕೆಲವು ಹೆಸರುಗಳ ಮುಂದೆ ಪೆನ್ನಿನಿಂದ ಒಂದೊಂದು ಚುಕ್ಕೆ ಇಟ್ಟಳು. ಏನದು ಅಂತ ಗುಮಾಸ್ತೆ ಕೇಳಿದರು. “ಚುಕ್ಕೆ ಇದ್ದವರ ಹತ್ತಿರ ಪೇಪರ್ ಇದೆ. ಮೊದಲು ಅವರಿಗೆ ಮಾಡಿ” ಅಂದಳು. ಪೇಪರ್ ಅಂದರೆ ಆ ದೇಶದಲ್ಲಿ ಇರಲು ಹಕ್ಕು ಕೊಡುವ ದಾಖಲೆ. ಹುಡುಗ ಅಲ್ಲೇ ಬೆಂಚಿನ ಮೇಲೆ ಕಾಲಾಡಿಸುತ್ತಾ ಕೂತಿದ್ದ. ಅವನು ಹುಟ್ಟಿದ್ದು ಅಮೆರಿಕದಲ್ಲಿ, ಅವನ ಪೇಪರ್ ಸರಿಯಾಗಿಯೇ ಇದೆ.

ಇಂಥ ಮಕ್ಕಳು ಒಬ್ಬಿಬ್ಬರಲ್ಲ. ತಾವು ಅಮೆರಿಕದ ಪ್ರಜೆಗಳು, ಆದರೆ ಅಪ್ಪನಿಗೋ ಅಮ್ಮನಿಗೋ ದಾಖಲೆಯಿಲ್ಲ. ಹೀಗಿರುವ ಮಕ್ಕಳ ಸಂಖ್ಯೆ 40 ಲಕ್ಷ ದಾಟುತ್ತದೆ.

ಶಾಲೆಯೊಳಗೆ ನುಗ್ಗಿ ಐಸ್ ಎಷ್ಟು ಜನರನ್ನು ಹಿಡಿದಿದೆ, ಸುಮ್ನೆ ಗಾಬರಿ ಯಾಕೆ ಅಂತ ಕೇಳುವವರಿದ್ದಾರೆ. ಒಪ್ಪುತ್ತೇನೆ, ಕ್ಲಾಸ್‌ರೂಮಿನಿಂದ ಎಳೆದುಕೊಂಡು ಹೋಗುವುದು ಅಪರೂಪ. ಆದರೆ ಬೆದರಿಕೆ ಕೆಲಸ ಮಾಡಲು ಅಧಿಕಾರಿ ಬರಲೇಬೇಕೆಂದಿಲ್ಲ. ಬರಬಹುದು ಅನ್ನುವ ಸುದ್ದಿ ಸಾಕು. 2025ರ ಜನವರಿಯಲ್ಲಿ ಕ್ಯಾಲಿಫೋರ್ನಿಯಾದ ಸೆಂಟ್ರಲ್ ವ್ಯಾಲಿಯಲ್ಲಿ ವಲಸೆ ದಾಳಿಗಳಾದವು. ಅಲ್ಲಿನ ಐದು ಶಾಲಾ ಜಿಲ್ಲೆಗಳ (ಸರ್ಕಾರಿ ಶಾಲೆಗಳನ್ನು ನಡೆಸುವ ಸ್ಥಳೀಯ ಆಡಳಿತಗಳು) ಹಾಜರಿಯನ್ನು ಸ್ಟ್ಯಾನ್‌ಫರ್ಡ್‌ನ ಪ್ರಾಧ್ಯಾಪಕ ಥಾಮಸ್ ಡೀ ಲೆಕ್ಕ ಹಾಕಿದರು. ಮಕ್ಕಳ ಗೈರುಹಾಜರಿ ಶೇ 22ರಷ್ಟು ಏರಿತ್ತು.

ಹೆದರಿಕೆ ಮೈಗೂ ಇಳಿಯುತ್ತದೆ. 2008ರ ಮೇ ತಿಂಗಳಲ್ಲಿ ಅಯೋವಾದ ಪೋಸ್ಟ್‌ವಿಲ್ ಎಂಬ ಪುಟ್ಟ ಊರಿನ ಮಾಂಸದ ಕಾರ್ಖಾನೆಯಲ್ಲಿ ಒಂದೇ ದಿನ 389 ಜನರನ್ನು ಹಿಡಿದರು. ಆಮೇಲೆ ಸಂಶೋಧಕರು ಆ ರಾಜ್ಯದ ಲ್ಯಾಟಿನೊ (ಲ್ಯಾಟಿನ್ ಅಮೆರಿಕ ಮೂಲದ) ತಾಯಂದಿರಿಗೆ ಹುಟ್ಟಿದ ಮಕ್ಕಳ ತೂಕ ನೋಡಿದರು. ಕಡಿಮೆ ತೂಕದ ಮಗು ಹುಟ್ಟುವ ಅಪಾಯ ಹಿಂದಿನ ವರ್ಷಕ್ಕಿಂತ ಶೇ 24ರಷ್ಟು ಜಾಸ್ತಿಯಾಗಿತ್ತು. ಬಂಧನವಾದದ್ದು ಒಂದೂರಿನಲ್ಲಿ, ನಡುಗಿದ್ದು ಇಡೀ ರಾಜ್ಯದ ಬಸುರಿಯರು. ಇಂಥ ಬಸುರಿಗೆ ಆಸ್ಪತ್ರೆಯ ಬಾಗಿಲೂ ಭಯ ಅಂತಾದರೆ ಆಕೆ ಎಲ್ಲಿಗೆ ಹೋಗಬೇಕು?

ಇದು ಬರೀ ಕರುಣೆಯ ಮಾತಲ್ಲ. ಟೆಕ್ಸಾಸ್‌ನ ಟೈಲರ್ ಎಂಬ ಊರಿನಲ್ಲಿ 1970ರ ದಶಕದಲ್ಲಿ ದಾಖಲೆಯಿಲ್ಲದ ಮಕ್ಕಳಿಗೆ ಸರ್ಕಾರಿ ಶಾಲೆ ವರ್ಷಕ್ಕೆ 1,000 ಡಾಲರ್ ಶುಲ್ಕ ಹಾಕಿತು. ಬಡವರ ಹತ್ತಿರ ಅಷ್ಟು ದುಡ್ಡೆಲ್ಲಿ? ಕೇಸು ಸುಪ್ರೀಂ ಕೋರ್ಟಿಗೆ ಹೋಯಿತು. 1982ರಲ್ಲಿ ‘ಪ್ಲೈಲರ್ ವರ್ಸಸ್ ಡೋ’ ತೀರ್ಪು ಬಂತು, 5-4ರ ಅಂತರದಲ್ಲಿ. ಅಪ್ಪ-ಅಮ್ಮ ಮಾಡಿದ್ದಕ್ಕೆ ಮಕ್ಕಳನ್ನು ಶಾಲೆಯಿಂದ ಹೊರಗಿಡುವಂತಿಲ್ಲ ಅಂದಿತು ಕೋರ್ಟು. ಶುಲ್ಕ ಹಾಕಿ ತಡೆಯುವುದು ತಪ್ಪಾದರೆ, ಗೇಟಿನ ಹೊರಗೆ ವ್ಯಾನ್ ನಿಲ್ಲಿಸಿ ತಡೆಯುವುದು ಹೇಗೆ ಸರಿ?

ಹಾಗಿದ್ದರೆ ಹಳೇ ಸುತ್ತೋಲೆಯನ್ನೇ ತಂದರೆ ಸಾಲದೇ? ಸಾಲದು. ಹದಿಮೂರು ವರ್ಷ ಜನ ಅದನ್ನು ನಂಬಿದ್ದರು, ಒಂದು ಸಹಿಗೆ ಹೋಯಿತು. ನಾಳೆ ಇನ್ನೊಬ್ಬರು ಬಂದು ಹಾಕುತ್ತಾರೆ, ನಾಡಿದ್ದು ಮತ್ತೊಬ್ಬರು ತೆಗೆಯುತ್ತಾರೆ. ನಾಲ್ಕು ವರ್ಷಕ್ಕೊಮ್ಮೆ ಬದಲಾಗುವ ಮಾತನ್ನು ನಂಬಿ ಯಾವ ತಾಯಿ ಮಗುವನ್ನು ಕಳಿಸುತ್ತಾಳೆ?

ಅಪರಾಧಿಗಳು ಶಾಲೆ, ಚರ್ಚುಗಳಲ್ಲಿ ಅಡಗಿಕೊಳ್ಳುತ್ತಾರೆ ಅನ್ನುವುದು ಸರ್ಕಾರದ ವಾದ. ಕೊಲೆಗಾರ ಬಂದು ಅಡಗಿದ್ದರೆ ಹಿಡಿಯಲಿ, ಯಾರು ಬೇಡ ಅಂದರು? ಹಳೇ ಸುತ್ತೋಲೆಯಲ್ಲೂ ಅದಕ್ಕೆ ಅವಕಾಶವಿತ್ತು. ನ್ಯಾಯಾಧೀಶರು ಸಹಿ ಹಾಕಿದ ವಾರಂಟ್ ತರಲಿ. ಐಸ್‌ನವರು ಸಾಮಾನ್ಯವಾಗಿ ಹಿಡಿದುಕೊಂಡು ಬರುವುದು ತಮ್ಮ ಇಲಾಖೆಯವರೇ ಸಹಿ ಹಾಕಿದ ಕಾಗದ. ಅದಕ್ಕೂ ಕೋರ್ಟಿನ ವಾರಂಟಿಗೂ ತುಂಬಾ ವ್ಯತ್ಯಾಸ ಇದೆ. ಕ್ಯಾಲಿಫೋರ್ನಿಯಾ 2025ರಲ್ಲಿ ಮಾಡಿದ್ದು ಇದನ್ನೇ: ಕೋರ್ಟಿನ ಆದೇಶ ಇಲ್ಲದಿದ್ದರೆ ಶಾಲೆಯ ಒಳಭಾಗಕ್ಕೆ ಬಿಡುವಂತಿಲ್ಲ. ಒಂದು ರಾಜ್ಯದ ಮಕ್ಕಳಿಗೆ ಸಿಕ್ಕಿದ್ದು ಉಳಿದ ರಾಜ್ಯಗಳ ಮಕ್ಕಳಿಗೂ ಸಿಗಬೇಕಲ್ವಾ?

ಆ ಹುಡುಗ ಈಗಲೂ ಮಗಳ ಕ್ಲಾಸಿನಲ್ಲೇ ಇದ್ದಾನೆ. ಸಂಜೆ ಅವನನ್ನು ಕರೆದುಕೊಂಡು ಹೋಗಲು ಬರುವವರು ಮಾತ್ರ ಚುಕ್ಕೆ ಇದ್ದವರು.

ವಿರೋಧ: ಕಟ್ಟಡಕ್ಕೆ ಕಾವಲು, ಮಗುವಿಗೆ ಏನು?

ನಾನು ಹದಿನೆಂಟು ವರ್ಷದಿಂದ ಎಚ್-1ಬಿ ಎಂಬ ಉದ್ಯೋಗ ವೀಸಾದಲ್ಲಿದ್ದೇನೆ. ಕಾಯಂ ಆಗಿ ನೆಲೆಸಲು ಬೇಕಾದ ಗ್ರೀನ್ ಕಾರ್ಡಿನ ಸಾಲಿನಲ್ಲಿ ನಿಂತು ಕೂದಲು ನರೆತಿದೆ. ಯಾವ ದೇಶದವರಿಗೂ ವರ್ಷದ ಕಾರ್ಡುಗಳಲ್ಲಿ ಶೇ 7ಕ್ಕಿಂತ ಜಾಸ್ತಿ ಕೊಡುವುದಿಲ್ಲ ಅನ್ನುವ ಮಿತಿಯಿಂದ ಭಾರತೀಯರ ಸಾಲು ಕರಗುವುದೇ ಇಲ್ಲ. ಮಗ ಮೂರು ವರ್ಷದವನಿದ್ದಾಗ ಬಂದ. 21 ತುಂಬಿದ ದಿನ ಕೇಕ್ ಕತ್ತರಿಸಿದೆವು. ಅದೇ ದಿನ ನನ್ನ ವೀಸಾದ ಆಸರೆ ಅವನಿಗೆ ತಪ್ಪಿತು. ಅಷ್ಟರೊಳಗೆ ವಿದ್ಯಾರ್ಥಿ ವೀಸಾಕ್ಕೆ ಬದಲಾಯಿಸಿಕೊಂಡಿದ್ದ, ಹಾಗಾಗಿ ಉಳಿದ. ತಾನು ಬೆಳೆದ ಊರಿನಲ್ಲೇ ಅವನೀಗ ‘ವಿದೇಶಿ ವಿದ್ಯಾರ್ಥಿ’.

2012ರಲ್ಲಿ ಒಬಾಮಾ ತಂದ ‘ಡಾಕಾ’ ಎಂಬ ಯೋಜನೆ ಚಿಕ್ಕಂದಿನಲ್ಲಿ ಬಂದ ಮಕ್ಕಳಿಗೆ ಗಡೀಪಾರಿನಿಂದ ರಕ್ಷಣೆ ಕೊಟ್ಟಿತು. ನನ್ನ ಮಗನಂಥವರಿಗೆ ಅದು ಅನ್ವಯಿಸಲಿಲ್ಲ. ಕಾರಣ ಕೇಳಿದರೆ ನಗು ಬರುತ್ತದೆ: ಆಗ ಅವರ ಹತ್ತಿರ ಸರಿಯಾದ ವೀಸಾ ಇತ್ತು! ದಾಖಲೆ ಇಲ್ಲದವರಿಗೆ ಮಾತ್ರ ಆ ಬಾಗಿಲು. ಇದನ್ನು ಹೊಟ್ಟೆಕಿಚ್ಚಿನಿಂದ ಹೇಳುತ್ತಿಲ್ಲ. ಸ್ವಲ್ಪ ಇರಬಹುದು. ಆದರೆ ಅಂಚಿನಲ್ಲಿ ತೇಪೆ ಹಾಕಿ ಮಾಡುವ ಕರುಣೆ ಎಂಥ ವಿಚಿತ್ರಗಳನ್ನು ಹುಟ್ಟಿಸುತ್ತದೆ ಅಂತ ತೋರಿಸಲು ಹೇಳಿದೆ.

ಈ ಜಾಗಗಳ ನಿಯಮವೂ ಅಂಥದೇ ತೇಪೆ. ಮಾರ್ಟನ್ ಸುತ್ತೋಲೆ ಬಂದದ್ದು 2011ರ ಅಕ್ಟೋಬರ್‌ನಲ್ಲಿ. ಅದೇ ಅಕ್ಟೋಬರ್‌ನಲ್ಲಿ ಶುರುವಾದ ಆರ್ಥಿಕ ವರ್ಷದಲ್ಲಿ ಐಸ್ ನಾಲ್ಕು ಲಕ್ಷಕ್ಕೂ ಜಾಸ್ತಿ ಜನರನ್ನು ಗಡೀಪಾರು ಮಾಡಿತು. ಶಾಲೆಗಳಿಗೆ ರಕ್ಷಣೆ ಇತ್ತು, ಮನೆಗಳು ಒಡೆಯುತ್ತಲೇ ಇದ್ದವು. 2018ರಲ್ಲಿ ಗಡಿಯಲ್ಲಿ ಸಾವಿರಾರು ಮಕ್ಕಳನ್ನು ಅಪ್ಪ-ಅಮ್ಮಂದಿರಿಂದ ಬೇರೆ ಮಾಡಿದಾಗಲೂ ಆ ಸುತ್ತೋಲೆ ಜಾರಿಯಲ್ಲಿತ್ತು. ಅದನ್ನು ತಡೆದದ್ದು ಜನರ ಸಿಟ್ಟು, ಆಮೇಲೆ ಸ್ಯಾನ್ ಡಿಯಾಗೊದ ನ್ಯಾಯಾಧೀಶ ಡಾನಾ ಸಬ್ರಾ ಕೊಟ್ಟ ತಡೆಯಾಜ್ಞೆ.

2019ರ ಆಗಸ್ಟ್ 7ರ ಮಿಸಿಸಿಪ್ಪಿಯ ದಾಳಿ ನೋಡಿ. ಕೋಳಿಮಾಂಸದ ಕಾರ್ಖಾನೆಗಳಲ್ಲಿ 680 ಜನರನ್ನು ಹಿಡಿದರು. ಕೆಲವು ಕಡೆ ಅದು ಶಾಲೆ ಶುರುವಾದ ಮೊದಲ ದಿನ. ಅಧಿಕಾರಿಗಳು ಶಾಲೆಯ ಹೊಸಿಲು ತುಳಿಯಲಿಲ್ಲ, ನಿಯಮ ಪೂರ್ತಿ ಪಾಲಿಸಿದರು. ಮಕ್ಕಳು ಹೊಸ ಬ್ಯಾಗು ಹಾಕಿಕೊಂಡು ಮನೆಗೆ ಬಂದರೆ ಬಾಗಿಲಿಗೆ ಬೀಗ. ಕೆಲವರನ್ನು ಊರಿನವರು ಒಂದು ಜಿಮ್‌ನಲ್ಲಿ ಇಟ್ಟು ಊಟ ಹಾಕಿದರು.

ಮೇಲಿನ ಲೇಖಕಿ ಹೇಳಿದ ಸೆಂಟ್ರಲ್ ವ್ಯಾಲಿಯ ಲೆಕ್ಕವೂ ನನ್ನ ಕಡೆಗೇ ವಾಲುತ್ತದೆ. ಜನವರಿ ಮೊದಲ ವಾರಗಳ ಆ ದಾಳಿ ನಡೆದದ್ದು ಶಾಲೆಗಳಲ್ಲಿ ಅಲ್ಲ. ಆಗ ಹಳೇ ನಿಯಮ ಇನ್ನೂ ರದ್ದಾಗಿರಲಿಲ್ಲ. ಆದರೂ ಮಕ್ಕಳು ಶಾಲೆ ತಪ್ಪಿಸಿದರು. ಯಾಕೆಂದರೆ ಹುಡುಗನಿಗೆ ಭಯ ಇರುವುದು ಕ್ಲಾಸಿನಲ್ಲಿ ತನ್ನನ್ನು ಹಿಡಿಯುತ್ತಾರೆ ಅಂತಲ್ಲ. ತಾನು ಕ್ಲಾಸಿನಲ್ಲಿದ್ದಾಗ ಅಮ್ಮನನ್ನು ಹಿಡಿಯುತ್ತಾರೆ ಅಂತ.

ಇನ್ನೊಂದು ತೊಡಕು ನಿಯಮದಲ್ಲಿದ್ದ ‘ಹತ್ತಿರ’ ಅನ್ನುವ ಪದ. ಶಾಲೆ, ಬಸ್ ನಿಲ್ಲುವ ಜಾಗ, ಮೈದಾನ, ಕ್ಲಿನಿಕ್ಕು, ಚರ್ಚು ಎಲ್ಲವೂ, ಅವುಗಳ ಅಕ್ಕಪಕ್ಕವೂ ಪಟ್ಟಿಯಲ್ಲಿದ್ದರೆ ದೊಡ್ಡ ಊರಿನಲ್ಲಿ ಉಳಿಯುವುದೇನು? ಸುತ್ತೋಲೆಯಲ್ಲಾದರೆ ಮೇಲಧಿಕಾರಿ ಸಂದರ್ಭ ನೋಡಿ ತೀರ್ಮಾನಿಸುತ್ತಿದ್ದರು. ಕಾನೂನಾದರೆ ಪ್ರತಿ ಬಂಧನವೂ ಟೇಪು ಹಿಡಿದು ಅಳೆಯುವ ಕೋರ್ಟು ಕೇಸಾಗುತ್ತದೆ. ದೇಶಕ್ಕೆ ವಲಸೆ ಕಾನೂನು ಬೇಡ ಅನಿಸಿದರೆ ಅದನ್ನು ನೇರವಾಗಿ ಚರ್ಚೆ ಮಾಡಿ ಬದಲಾಯಿಸಲಿ. ಕಾನೂನು ಇಟ್ಟುಕೊಂಡು ಅದು ನಡೆಯದ ಜಾಗಗಳ ನಕ್ಷೆ ಬರೆಯುವುದು ನನಗೆ ಸರಿ ಕಾಣುವುದಿಲ್ಲ.

ಬದಲಾಯಿಸಲು ಬೇಕಾದಷ್ಟಿದೆ. ದಾಖಲೆಯಿಲ್ಲದೆ ಹತ್ತು ವರ್ಷ ಬಾಳಿದವರು, ತಮ್ಮನ್ನು ಕಳಿಸಿದರೆ ಪ್ರಜೆಯಾದ ಮಗುವಿಗೆ ‘ಅಸಾಧಾರಣ ಕಷ್ಟ’ ಆಗುತ್ತದೆ ಎಂದು ವಲಸೆ ನ್ಯಾಯಾಧೀಶರ ಮುಂದೆ ಸಾಬೀತು ಮಾಡಿದರೆ ಉಳಿಯಬಹುದು. ಆದರೆ ಇಡೀ ದೇಶಕ್ಕೆ ವರ್ಷಕ್ಕೆ 4,000 ಜನರಿಗೆ ಮಾತ್ರ! 1996ರ ಕಾನೂನು ಹಾಕಿದ ಮಿತಿ ಅದು. ಅದೇ ಕಾನೂನಿನ ಪ್ರಕಾರ, ಒಂದು ವರ್ಷಕ್ಕಿಂತ ಜಾಸ್ತಿ ಅಕ್ರಮವಾಗಿದ್ದು ದೇಶ ಬಿಟ್ಟವರು ಹತ್ತು ವರ್ಷ ವಾಪಸ್ ಬರುವಂತಿಲ್ಲ. ವಿನಾಯಿತಿ ಕೇಳಬಹುದು, ಗಂಡನಿಗೋ ಹೆಂಡತಿಗೋ ಹೆತ್ತವರಿಗೋ ಕಷ್ಟವಾಗುತ್ತದೆ ಅಂತ. ಮಗುವಿಗೆ ಕಷ್ಟವಾಗುತ್ತದೆ ಅಂದರೆ ಲೆಕ್ಕಕ್ಕಿಲ್ಲ. ಮಗುವೇ ಲೆಕ್ಕಕ್ಕಿಲ್ಲದ ಕಾನೂನನ್ನು ಹಾಗೇ ಬಿಟ್ಟು ಶಾಲೆಯ ಗೇಟಿಗೆ ಬೋರ್ಡು ತಗುಲಿಸಲು ಹೊರಟಿದ್ದೇವೆ.

ಆ ತಾಯಿಯ ಫಾರಂ ಓದಿ ನನಗೂ ಕರುಳು ಚುರ್ ಎಂದಿತು. ಅವಳನ್ನು ಹಿಡಿಯುವುದು ಬಹುಶಃ ಬೆಳಿಗ್ಗೆ ಕೆಲಸಕ್ಕೆ ಹೋಗುವ ದಾರಿಯಲ್ಲಿ. ಆಗ ಆ ಫಾರಂ ಶಾಲೆಯ ಕಪಾಟಿನಲ್ಲಿರುತ್ತದೆ. ಹಿಡಿದವರ ಮಕ್ಕಳಿಗೆ ವ್ಯವಸ್ಥೆ ಮಾಡಿಕೊಳ್ಳಲು ಬಿಡಬೇಕು ಅನ್ನುವ ಸೂಚನೆ ಐಸ್ ಒಳಗೆ 2013ರಿಂದ ಒಂದಲ್ಲ ಒಂದು ರೂಪದಲ್ಲಿದೆ, ಅದೂ ಬರೀ ಸೂಚನೆ. ಕಾಂಗ್ರೆಸ್ಸು ಕಾನೂನು ಮಾಡುವುದಾದರೆ ಅದನ್ನು ಮಾಡಲಿ: ವ್ಯಾನಿನ ಬಾಗಿಲು ಹಾಕುವ ಮೊದಲು ಮಕ್ಕಳಿದ್ದಾರಾ ಅಂತ ಕೇಳಬೇಕು, ಅವಳ ಕೈಗೆ ಫೋನ್ ಕೊಡಬೇಕು, ಚುಕ್ಕೆ ಇದ್ದವರಲ್ಲಿ ಒಬ್ಬರು ಫೋನ್ ಎತ್ತುವ ತನಕ ವ್ಯಾನು ಹೊರಡಬಾರದು.