ಹುಲ್ಲುಹಾಸಿನ ಗೊಬ್ಬರ ಮತ್ತು ಕೆರೆಯ ಪಾಚಿ: ಒಂದು ಸ್ಪಷ್ಟನೆ

ಹುಲ್ಲುಹಾಸಿಗೆ ತಿಪ್ಪೆಗೊಬ್ಬರವನ್ನು ಎಷ್ಟು ಹಾಕಿದರೂ ಕೆರೆಗೆ ಹಾನಿಯಿಲ್ಲ, ನೀರು ಹಸಿರುಗಟ್ಟುವುದಕ್ಕೆ ಯೂರಿಯಾ ಒಂದೇ ಕಾರಣ ಎಂಬ ಮಾತು ಕಲಬುರಗಿಯ ಮನೆತೋಟದ ಆಸಕ್ತರ ನಡುವೆ ಹರಿದಾಡುತ್ತಿದೆ. ಇದು ಸರಿಯಲ್ಲ.

ಶರಣಬಸವೇಶ್ವರ ಕೆರೆಯಂಥ ಸಿಹಿನೀರಿನ ಕೆರೆಗಳಲ್ಲಿ ಪಾಚಿ ಹೆಚ್ಚಲು ಬಹುಮಟ್ಟಿಗೆ ಕಾರಣವಾಗುವುದು ರಂಜಕ (ಫಾಸ್ಫರಸ್). ಕೊಳಚೆ ನೀರಿನಿಂದ ಬರುವ ರಂಜಕದ ಮಾತು ಬೇರೆ. ಇಲ್ಲಿ ಗೊಬ್ಬರದ್ದಷ್ಟೇ ಪ್ರಶ್ನೆ. ಯೂರಿಯಾದಲ್ಲಿ ಶೇ. 46ರಷ್ಟು ಸಾರಜನಕವಿದೆ, ರಂಜಕ ಇಲ್ಲವೇ ಇಲ್ಲ. ತಿಪ್ಪೆಗೊಬ್ಬರದಲ್ಲಿ ಎರಡೂ ಇರುವುದರಿಂದ, ಹುಲ್ಲಿಗೆ ಬೇಕಾದ ಸಾರಜನಕವನ್ನೆಲ್ಲ ಅದರಿಂದಲೇ ಪೂರೈಸಲು ಹೊರಟರೆ, ಹುಲ್ಲು ಹೀರಿಕೊಳ್ಳಲಾರದಷ್ಟು ರಂಜಕ ಮಣ್ಣಿನ ಮೇಲ್ಪದರದಲ್ಲಿ ವರ್ಷದಿಂದ ವರ್ಷಕ್ಕೆ ಕೂಡುತ್ತಾ ಹೋಗಿ, ಬಿರುಮಳೆಯ ದಿನ ಹರಿನೀರಿನೊಂದಿಗೆ ಹೊರಬೀಳುತ್ತದೆ. ಡಿಎಪಿ (ಡೈಅಮೋನಿಯಂ ಫಾಸ್ಫೇಟ್) ಗೊಬ್ಬರ ಚೆಲ್ಲುವ ರೂಢಿಯಂತೂ ಇನ್ನಷ್ಟು ಕಳವಳಕಾರಿ: ಅದರಲ್ಲಿ ಸಾರಜನಕ ಶೇ. 18 ಇದ್ದರೆ, ಪೆಂಟಾಕ್ಸೈಡ್ (ಆಮ್ಲಜನಕ ಕೂಡಿದ ರಂಜಕ) ಲೆಕ್ಕದಲ್ಲಿ ರಂಜಕ ಶೇ. 46 ಇದೆ.

ಹಾಗೆಂದು ಯೂರಿಯಾ ನಿರಪಾಯವೇನಲ್ಲ. ಬೇವು ಲೇಪಿತ ಯೂರಿಯಾ ಕೂಡ ನೀರಿನಲ್ಲಿ ಬೇಗ ಕರಗುತ್ತದೆ. ನಮ್ಮ ಎರೆಮಣ್ಣು ನೆನೆದು ಉಬ್ಬಿ ಬಿರುಕುಗಳು ಮುಚ್ಚಿಕೊಂಡ ಮೇಲೆ ನೀರು ಬಲು ನಿಧಾನವಾಗಿ ಇಂಗುವುದರಿಂದ, ಸೆಪ್ಟೆಂಬರಿನ ಜೋರುಮಳೆಗೆ ಮುನ್ನ ಚೆಲ್ಲಿದ ಗೊಬ್ಬರ ಚರಂಡಿ ಸೇರುವ ಸಂಭವ ಹೆಚ್ಚು. ಹುಲ್ಲುಹಾಸಿನ ಅಂಚಿನ ಸಿಮೆಂಟು ಹಾದಿಯ ಮೇಲೆ ಸಿಡಿದು ಬಿದ್ದ ಬಿಳಿ ಕಾಳುಗಳಿಗಂತೂ ಬೇರಿನ ತಡೆಯೂ ಇಲ್ಲ, ಮಣ್ಣಿನ ತಡೆಯೂ ಇಲ್ಲ; ಅವನ್ನು ಅಂದೇ ಗುಡಿಸಿ ಹುಲ್ಲಿಗೆ ಮರಳಿಸಬೇಕು.

ಮಣ್ಣು ಪರೀಕ್ಷೆಯಲ್ಲಿ ರಂಜಕ ಸಾಕಷ್ಟಿದೆ ಎಂದು ಕಂಡುಬಂದಲ್ಲಿ ಡಿಎಪಿಯನ್ನು ಪೂರ್ತಿ ಬಿಟ್ಟು, ತಿಪ್ಪೆಗೊಬ್ಬರವನ್ನು ತೆಳುವಾಗಿ ಹರಡಿ, ಉಳಿದ ಸಾರಜನಕವನ್ನು ಸಣ್ಣ ಕಂತುಗಳಲ್ಲಿ ಕೊಟ್ಟು ಹಗುರವಾಗಿ ನೀರುಣಿಸುವುದು ಸರಿಯಾದ ಕ್ರಮ.